ತೊಡೆಯ ಕೊಬ್ಬು ತೊಡೆಯ ವ್ಯಾಯಾಮಕ್ಕೆ ಕರಗುತ್ತದೆಯೇ?

ದುಡಿಯುವ ಅಂಗದ ಕೊಬ್ಬೇ ಮೊದಲು ಕರಗುತ್ತದೆ ಎಂಬುದು ದೇಹದ ಬಗ್ಗೆ ಇರುವ ಅತ್ಯಂತ ವ್ಯಾಪಕ ನಂಬಿಕೆಗಳಲ್ಲಿ ಒಂದು. ಹೊಟ್ಟೆ ಇಳಿಸಲು ಹೊಟ್ಟೆಯ ಕಸರತ್ತು, ತೋಳು ಇಳಿಸಲು ತೋಳಿನ ಕಸರತ್ತು, ತೊಡೆ ಸಣ್ಣಗಾಗಿಸಲು ಬಸ್ಕಿ ಮತ್ತು ಕಾಲೆತ್ತುವ ವ್ಯಾಯಾಮ ಎಂದು ಅಂಗಕ್ಕೊಂದು ಉಪಾಯ ಹೇಳುವ ಪದ್ಧತಿಯೆಲ್ಲ ನಿಂತಿರುವುದು ಇದರ ಮೇಲೆಯೇ. ಕಾಲಿನ ವಿಷಯದಲ್ಲಿ ಈ ನಂಬಿಕೆ ಇನ್ನಷ್ಟು ಬಲವಾಗಿದೆ. ಅನೇಕರಲ್ಲಿ, ವಿಶೇಷವಾಗಿ ಮಹಿಳೆಯರಲ್ಲಿ, ಮುಖ ಮತ್ತು ಸೊಂಟ ತೆಳುವಾದ ಮೇಲೂ ತೊಡೆ ಹಾಗೆಯೇ ಉಳಿಯುತ್ತದೆ; ತೊಡೆಗೆ ಕೊಟ್ಟ ವ್ಯಾಯಾಮ ಸಾಲದಾಯಿತೆಂದೇ ಆಗ ತೋರುತ್ತದೆ. ತಿಂಗಳುಗಟ್ಟಲೆ ಬಸ್ಕಿ ಹೊಡೆದರೂ ಟೇಪಿನ ಅಳತೆ ಕದಲದಿದ್ದಾಗ ತಮ್ಮ ಶ್ರದ್ಧೆಯನ್ನೇ ಅನುಮಾನಿಸಿ ವ್ಯಾಯಾಮವನ್ನೇ ಕೈಬಿಡುವವರು ಕಡಿಮೆಯಿಲ್ಲ. ಅವರ ಶ್ರದ್ಧೆಯಲ್ಲಿ ಕೊರತೆಯಿರುವುದಿಲ್ಲ. ವ್ಯಾಯಾಮದಿಂದ ಏನನ್ನು ನಿರೀಕ್ಷಿಸಬೇಕು ಎಂಬ ಲೆಕ್ಕ ತಪ್ಪಿರುತ್ತದೆ. ಪ್ರಾಮಾಣಿಕವಾಗಿ ಬೆವರು ಸುರಿಸುವವರೇ ಈ ತಪ್ಪಿಗೆ ಬೆಲೆ ತೆರುವುದರಿಂದ ಅದನ್ನು ಬಿಡಿಸಿ ನೋಡುವುದು ಅಗತ್ಯ.

ಈ ನಂಬಿಕೆಯನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದಕ್ಕೆ ನಾಲ್ಕು ಆಧಾರಗಳಿವೆ. ನಾಲ್ಕೂ ಮೇಲ್ನೋಟಕ್ಕೆ ಗಟ್ಟಿಯಾಗಿವೆ.

1. ಅನುಭವ: ಬಸ್ಕಿ ಹೊಡೆಯುವಾಗ ತೊಡೆ ಉರಿಯುತ್ತದೆ. ಉರಿ ಇದ್ದಲ್ಲಿ ಏನೋ ಉರಿದು ಹೋಗುತ್ತಿರಬೇಕು.

2. ಫಲ: ಎಂಟು ಹತ್ತು ವಾರ ಬಿಡದೆ ವ್ಯಾಯಾಮ ಮಾಡಿದವರ ತೊಡೆ ನಿಜಕ್ಕೂ ಬಿಗಿಯಾಗುತ್ತದೆ. ಮುಟ್ಟಿದರೆ ವ್ಯತ್ಯಾಸ ತಿಳಿಯುತ್ತದೆ.

3. ನೋಟ: ದೂರದ ಓಟಗಾರರು ದಿನವೂ ದುಡಿಸುವುದು ಕಾಲನ್ನು, ಅವರ ಕಾಲಿನಲ್ಲಿ ಕೊಬ್ಬು ಕಾಣುವುದಿಲ್ಲ.

4. ತರ್ಕ: ದುಡಿಯುವ ಸ್ನಾಯುವಿಗೆ ಇಂಧನ ಬೇಕು. ಅದಕ್ಕೆ ಅಂಟಿಕೊಂಡಂತೆಯೇ ಕೊಬ್ಬಿನ ದಾಸ್ತಾನಿದೆ. ಹತ್ತಿರದ ದಾಸ್ತಾನು ಬಿಟ್ಟು ದೂರದಿಂದ ತರಿಸಿಕೊಳ್ಳಲು ಕಾರಣವೇ ಇಲ್ಲ.

ಇವುಗಳಲ್ಲಿ ನಾಲ್ಕನೆಯದೇ ಬುಡ. ಉಳಿದ ಮೂರಕ್ಕೂ ಅರ್ಥ ಬರುವುದು ಅದರಿಂದ. ಆದ್ದರಿಂದ ಮೊದಲು ನೋಡಬೇಕಾದದ್ದು ಕೊಬ್ಬು ಸ್ನಾಯುವನ್ನು ತಲುಪುವ ದಾರಿಯನ್ನು. ಚರ್ಮದಡಿಯ ಕೊಬ್ಬು ಟ್ರೈಗ್ಲಿಸರೈಡ್ ರೂಪದಲ್ಲಿ ಕೊಬ್ಬಿನ ಕೋಶಗಳೊಳಗೆ ಇರುತ್ತದೆ. ಆ ರೂಪದಲ್ಲಿ ಅದು ಕೋಶದಿಂದ ಹೊರಬರಲಾರದು. ದೇಹಕ್ಕೆ ಶಕ್ತಿಯ ಅಗತ್ಯ ಬಿದ್ದಾಗ ಅಡ್ರಿನಲಿನ್, ನಾರ್‌ಅಡ್ರಿನಲಿನ್‌ನಂಥ ಸಂದೇಶವಾಹಕಗಳು ರಕ್ತ ಮತ್ತು ನರಗಳ ಮೂಲಕ ಕೊಬ್ಬಿನ ಕೋಶಗಳನ್ನು ತಲುಪುತ್ತವೆ, ಇನ್ಸುಲಿನ್‌ನ ಮಟ್ಟ ಇಳಿಯುತ್ತದೆ. ಆಗ ಕೋಶದೊಳಗಿನ ಕಿಣ್ವಗಳು ಟ್ರೈಗ್ಲಿಸರೈಡನ್ನು ಕೊಬ್ಬಿನಾಮ್ಲ ಮತ್ತು ಗ್ಲಿಸರಾಲ್ ಆಗಿ ಒಡೆಯುತ್ತವೆ. ಕೊಬ್ಬಿನಾಮ್ಲ ರಕ್ತಕ್ಕೆ ಇಳಿದು, ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಅಭಿಧಮನಿಯ ಮೂಲಕ ಹೃದಯಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ, ಮತ್ತೆ ಹೃದಯಕ್ಕೆ ಬಂದು ಇಡೀ ದೇಹಕ್ಕೆ ಹಂಚಿಹೋಗುತ್ತದೆ. ತೊಡೆಯ ಚರ್ಮದಡಿಯ ಕೊಬ್ಬಿಗೂ ಅದರ ಕೆಳಗಿನ ಸ್ನಾಯುವಿಗೂ ನಡುವೆ ನೇರ ಕಾಲುವೆ ಇಲ್ಲ. ಇರುವುದು ಎರಡನ್ನೂ ಬೇರ್ಪಡಿಸುವ ಹೊದಿಕೆ. ಹೀಗಾಗಿ ತೊಡೆಯ ಸ್ನಾಯು ರಕ್ತದಿಂದ ಎತ್ತಿಕೊಳ್ಳುವ ಕೊಬ್ಬಿನಾಮ್ಲ ಹೊಟ್ಟೆಯಿಂದ ಬಂದಿರಬಹುದು, ಬೆನ್ನಿನಿಂದ ಬಂದಿರಬಹುದು, ತೋಳಿನಿಂದಲೂ ಬಂದಿರಬಹುದು. ಸ್ನಾಯುವಿನ ನಾರುಗಳ ಒಳಗೂ ಸ್ವಲ್ಪ ಕೊಬ್ಬು ಇರುತ್ತದೆ, ಅದನ್ನು ಆ ಸ್ನಾಯು ನೇರವಾಗಿಯೇ ಬಳಸುತ್ತದೆ. ಆದರೆ ಕನ್ನಡಿಯಲ್ಲಿ ಕಾಣುವುದು, ಕೈಗೆ ಹಿಡಿಯಲು ಸಿಗುವುದು ಆ ಕೊಬ್ಬಲ್ಲ.

ಗೊಂದಲದ ಒಂದು ಪಾಲು ಭಾಷೆಯಿಂದ ಬಂದದ್ದು. ಕನ್ನಡದಲ್ಲಿ ಕೊಬ್ಬು ‘ಕರಗುತ್ತದೆ’. ಬೆಣ್ಣೆಯೂ ಕರಗುತ್ತದೆ, ಮೇಣವೂ ಕರಗುತ್ತದೆ. ಎರಡೂ ಬಿಸಿ ತಾಗಿದ ಜಾಗದಲ್ಲಿ ಮೊದಲು ಕರಗಿ ಹರಿಯುತ್ತವೆ. ಈ ಚಿತ್ರ ಮನಸ್ಸಿನಲ್ಲಿ ಕೂತ ಮೇಲೆ ಸ್ನಾಯುವಿನ ಬಿಸಿ ಪಕ್ಕದ ಕೊಬ್ಬನ್ನು ಕರಗಿಸುತ್ತದೆ, ಅದು ಬೆವರಾಗಿ ಹೊರಹೋಗುತ್ತದೆ ಎಂದು ನಂಬುವುದು ಸಹಜ. ತೊಡೆಗೆ ಪ್ಲಾಸ್ಟಿಕ್ ಸುತ್ತಿಕೊಂಡು ಓಡುವುದು, ನಡುಗುವ ಪಟ್ಟಿ ಕಟ್ಟಿಕೊಳ್ಳುವುದು, ತೈಲ ತಿಕ್ಕಿ ನೀವುವುದು ಇವೆಲ್ಲ ಈ ಚಿತ್ರದ ಸಂತಾನ. ನಿಜದಲ್ಲಿ ಕೊಬ್ಬು ಜೀವಕೋಶಗಳೊಳಗೆ ಆಮ್ಲಜನಕದೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಒಡೆಯುತ್ತದೆ. ಆಸ್ಟ್ರೇಲಿಯದ ರೂಬೆನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಲೆಕ್ಕ ಕೊಟ್ಟರು: 10 ಕಿಲೋ ಕೊಬ್ಬು ಪೂರ್ತಿಯಾಗಿ ಬಳಕೆಯಾದರೆ 8.4 ಕಿಲೋ ಉಸಿರಿನ ಮೂಲಕ ಇಂಗಾಲದ ಡೈಆಕ್ಸೈಡ್ ಆಗಿ ಹೊರಹೋಗುತ್ತದೆ, 1.6 ಕಿಲೋ ನೀರಾಗುತ್ತದೆ. ಬೆವರಿನಲ್ಲಿ ಕಳೆದ ತೂಕ ದೇಹದ ನೀರಿನದು. ಎರಡು ಲೋಟ ಕುಡಿದರೆ ಅದರ ಬಹುಪಾಲು ಮರಳುತ್ತದೆ. ತೊಡೆಯ ಉರಿಯೂ ಕೊಬ್ಬಿನ ಗುರುತಲ್ಲ. ತೀವ್ರವಾಗಿ ದುಡಿಯುವಾಗ ಸ್ನಾಯು ಹೆಚ್ಚಾಗಿ ಬಳಸುವುದು ತನ್ನೊಳಗೆ ಕೂಡಿಟ್ಟ ಗ್ಲೈಕೋಜೆನ್ ಎಂಬ ಶರ್ಕರವನ್ನು. ಆ ಬಳಕೆಯಲ್ಲಿ ಹುಟ್ಟುವ ಆಮ್ಲೀಯತೆ ಉರಿಗೆ ಒಂದು ಮುಖ್ಯ ಕಾರಣ. ಹೀಗಾಗಿ ಉರಿ ಹೆಚ್ಚಾಗಿರುವ ಗಳಿಗೆಯಲ್ಲಿ ಸ್ನಾಯು ಕೊಬ್ಬಿಗಿಂತ ಶರ್ಕರವನ್ನೇ ಹೆಚ್ಚು ನೆಚ್ಚಿಕೊಂಡಿರುತ್ತದೆ.

ದಾರಿಯ ವಿವರಣೆಯೊಂದೇ ಸಾಕ್ಷ್ಯವಾಗದು. ಅಳೆದು ನೋಡಿದಾಗ ಏನು ಕಂಡಿತು ಎಂಬುದು ಮುಖ್ಯ. ಟೆನಿಸ್ ಆಟಗಾರರ ಒಂದು ತೋಳು ವರ್ಷಗಟ್ಟಲೆ ಇನ್ನೊಂದಕ್ಕಿಂತ ಹೆಚ್ಚು ದುಡಿದಿರುತ್ತದೆ. 1971ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ಇಂಥವರ ಎರಡೂ ತೋಳುಗಳನ್ನು ಅಳೆದಾಗ ಆಡುವ ತೋಳು ದಪ್ಪವಾಗಿತ್ತು, ಆದರೆ ಎರಡರ ಚರ್ಮದಡಿಯ ಕೊಬ್ಬಿನ ದಪ್ಪದಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. 1984ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ಭಾಗವಹಿಸಿದವರು 27 ದಿನಗಳಲ್ಲಿ 5,004 ಬಾರಿ ಮಲಗಿ ಏಳುವ ಹೊಟ್ಟೆಯ ವ್ಯಾಯಾಮ ಮಾಡಿದರು. ಹೊಟ್ಟೆ, ಬೆನ್ನು, ಪೃಷ್ಠಗಳಿಂದ ತೆಗೆದ ಕೊಬ್ಬಿನ ಕೋಶಗಳು ಮೂರೂ ಕಡೆ ಒಂದೇ ರೀತಿ ಕುಗ್ಗಿದ್ದವು. ಕಾಲಿಗೆ ನೇರವಾಗಿ ಸಂಬಂಧಿಸಿದ ಪ್ರಯೋಗ ಚಿಲಿಯ ಸಂಶೋಧಕರದು, 2013ರಲ್ಲಿ ಪ್ರಕಟವಾಯಿತು. 11 ಮಂದಿ 12 ವಾರ, ವಾರಕ್ಕೆ ಮೂರು ಸಲ, ಒಂದೇ ಕಾಲಿನಿಂದ ಹಗುರ ಭಾರವನ್ನು ಪ್ರತಿ ಸಲವೂ ಸುಮಾರು ಸಾವಿರ ಬಾರಿ ತಳ್ಳಿದರು. ಕೊನೆಯಲ್ಲಿ ದೇಹದ ಒಟ್ಟು ಕೊಬ್ಬು ಸುಮಾರು ಶೇ 5ರಷ್ಟು ಇಳಿದಿತ್ತು. ಇಳಿಕೆ ಎದ್ದು ಕಂಡದ್ದು ತೋಳುಗಳಲ್ಲಿ ಮತ್ತು ಮುಂಡದಲ್ಲಿ. ದುಡಿದ ಕಾಲಿನಲ್ಲಿ ಗಣನೀಯ ಬದಲಾವಣೆ ಇರಲಿಲ್ಲ. ‘ಭಾರ ಕಡಿಮೆ, ಎಣಿಕೆ ಹೆಚ್ಚು’ ಎಂಬ ಜನಪ್ರಿಯ ಸೂತ್ರವನ್ನು ಅದರ ತುತ್ತತುದಿಗೆ ಒಯ್ದು ಪರೀಕ್ಷಿಸಿದರೂ ಫಲ ಬಂದದ್ದು ಬೇರೆ ಅಂಗಗಳಲ್ಲಿ.

ಇದಕ್ಕೆ ಎದುರಾಗಿ ಎತ್ತಬಹುದಾದ ಆಕ್ಷೇಪಗಳಲ್ಲಿ ಎರಡು ಗಂಭೀರವಾದವು. ಮೊದಲನೆಯದು, ಡೆನ್ಮಾರ್ಕಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗ. ಒಂದು ಕಾಲನ್ನು ಮಾತ್ರ ದುಡಿಸಿದಾಗ ಆ ಸ್ನಾಯುವಿನ ಪಕ್ಕದ ಕೊಬ್ಬಿನಲ್ಲಿ ರಕ್ತದ ಹರಿವೂ ಕೊಬ್ಬು ಒಡೆಯುವ ವೇಗವೂ ವಿಶ್ರಾಂತಿಯಲ್ಲಿದ್ದ ಕಾಲಿಗಿಂತ ಹೆಚ್ಚಾಗಿದ್ದವು. ನಾಲ್ಕನೆಯ ಆಧಾರದ ತರ್ಕದಲ್ಲಿ ಸತ್ಯಾಂಶ ಇದೆ ಎಂದು ಇದು ತೋರಿಸುತ್ತದೆ. ಆದರೆ ಆ ಹೆಚ್ಚಳ ಮಿಲಿಗ್ರಾಂಗಳ ಲೆಕ್ಕದ್ದು. ಕಣ್ಣಿಗೆ ಕಾಣುವ ಬದಲಾವಣೆಗೆ ಬೇಕಾದದ್ದು ನೂರಾರು ಗ್ರಾಂ. ಅಲ್ಲದೆ, ಒಡೆದ ಕೊಬ್ಬು ಬಳಕೆಯಾಗದೆ ಉಳಿದರೆ ಮತ್ತೆ ದಾಸ್ತಾನಿಗೇ ಸೇರುತ್ತದೆ. ವ್ಯಾಯಾಮದ ಅರ್ಧ ಗಂಟೆಯಲ್ಲಿ ಎಲ್ಲಿಂದ ಎಷ್ಟು ಹೊರಬಂತು ಎನ್ನುವುದಕ್ಕಿಂತ ಇಡೀ ದಿನದ, ಇಡೀ ತಿಂಗಳ ಜಮಾಖರ್ಚು ದೊಡ್ಡದು. ಸ್ಥಳೀಯ ಇಳಿಕೆ ಕಂಡುಬಂತೆಂದು ಹೇಳುವ ಇತ್ತೀಚಿನ ಒಂದೆರಡು ಅಧ್ಯಯನಗಳೂ ಇವೆ. ಅವು ಕೆಲವೇ ಮಂದಿಯ ಮೇಲೆ ನಡೆದಂಥವು. ಅವುಗಳಿಂದ ವಿಷಯ ತೆರೆದೇ ಇದೆ ಎನ್ನಬಹುದೇ ಹೊರತು ನಂಬಿಕೆ ಸಾಬೀತಾಯಿತು ಎನ್ನಲಾಗದು. ಎರಡನೆಯ ಆಕ್ಷೇಪ ಓಟಗಾರರದು. ಅವರ ಕಾಲಿನಲ್ಲಿ ಮಾತ್ರ ಕೊಬ್ಬು ಕಡಿಮೆಯಿದ್ದರೆ ಆಕ್ಷೇಪ ನಿಲ್ಲುತ್ತಿತ್ತು. ಅವರ ತೋಳು, ಕೆನ್ನೆ, ಬೆನ್ನು ಎಲ್ಲವೂ ತೆಳ್ಳಗಿರುತ್ತವೆ. ಓಟದಲ್ಲಿ ಕೆನ್ನೆ ದುಡಿಯುವುದಿಲ್ಲ. ದಿನಕ್ಕೆ ಹತ್ತಾರು ಕಿಲೋಮೀಟರ್ ಓಡಿ ಖರ್ಚಾದ ಶಕ್ತಿ ಇಡೀ ದೇಹದ ದಾಸ್ತಾನಿನಿಂದ ಬಂದದ್ದು. ಜೊತೆಗೆ ಹುಟ್ಟಿನಿಂದಲೇ ತೆಳುಮೈಯವರು ದೂರದ ಓಟದಲ್ಲಿ ಮುಂದೆ ಬರುವುದೂ ಉಂಟು. ಇದಕ್ಕೆ ಪ್ರತಿಯಾದ ಉದಾಹರಣೆ ಗರಡಿಮನೆಯಲ್ಲಿದೆ. ದಿನಕ್ಕೆ ನೂರಾರು ಬಸ್ಕಿ ಹೊಡೆಯುವ ಪೈಲ್ವಾನರ ತೊಡೆ ಸಣ್ಣಗಾಗುವುದಿಲ್ಲ, ಕಂಬದಂತೆ ದಪ್ಪವಾಗುತ್ತದೆ. ಹಾಲು, ತುಪ್ಪ, ಬಾದಾಮಿಯ ಭಾರಿ ಆಹಾರದ ಜೊತೆಗೆ ಬಸ್ಕಿ ಸೇರಿದಾಗ ಸ್ನಾಯು ಬೆಳೆಯುತ್ತದೆ, ಮೈಕೊಬ್ಬೂ ಉಳಿಯುತ್ತದೆ. ಬಸ್ಕಿಯೇ ತೊಡೆಯನ್ನು ಇಳಿಸುವಂತಿದ್ದರೆ ಗರಡಿಯಲ್ಲಿ ದಪ್ಪ ತೊಡೆಯೇ ಕಾಣಬಾರದಿತ್ತು.

ಹಾಗಿದ್ದರೆ ಎರಡನೆಯ ಆಧಾರ, ಅಂದರೆ ವ್ಯಾಯಾಮದಿಂದ ತೊಡೆ ಬಿಗಿಯಾಗುವುದು, ಸುಳ್ಳೇ? ಸುಳ್ಳಲ್ಲ, ಅದರ ಕಾರಣ ಬೇರೆ. ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಮಂದಿ 12 ವಾರ ಒಂದೇ ತೋಳಿಗೆ ಭಾರದ ವ್ಯಾಯಾಮ ಮಾಡಿದ, 2007ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಸ್ಪಷ್ಟಪಡಿಸುತ್ತದೆ. ಚರ್ಮವನ್ನು ಚಿಮಟಿಗೆಯಿಂದ ಹಿಡಿದು ಅಳೆದಾಗ ಪುರುಷರಲ್ಲಿ ದುಡಿದ ತೋಳಿನ ಕೊಬ್ಬು ಕಡಿಮೆಯಾದಂತೆ ಕಂಡಿತು; ಎಂಆರ್‌ಐ ಚಿತ್ರದಲ್ಲಿ ಎರಡೂ ತೋಳುಗಳ ಕೊಬ್ಬಿನ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಒಳಗಿನ ಸ್ನಾಯು ತುಂಬಿಕೊಂಡಾಗ ಮೇಲಿನ ಪದರ ಬಿಗಿಯಾಗಿ ಹರಡುತ್ತದೆ, ಚಿಮಟಿಗೆಗೆ ಕಡಿಮೆ ಸಿಗುತ್ತದೆ. ಉಪಕರಣಕ್ಕೇ ಆಗುವ ಈ ಭ್ರಮೆ ಕೈಗೂ ಕಣ್ಣಿಗೂ ಆಗುವುದರಲ್ಲಿ ಆಶ್ಚರ್ಯವಿಲ್ಲ. ಜಿಮ್ಮಿನ ಮಾತಿನಲ್ಲಿ ‘ಟೋನ್’ ಎನ್ನುವುದು ಇದನ್ನೇ. ಶರೀರಶಾಸ್ತ್ರದಲ್ಲಿ ಟೋನ್ ಎಂದರೆ ವಿಶ್ರಾಂತಿಯಲ್ಲಿರುವ ಸ್ನಾಯುವಿನ ಸಹಜ ಬಿಗುವು; ಅದಕ್ಕೂ ತೊಡೆಯ ಆಕಾರಕ್ಕೂ ಹೆಚ್ಚು ಸಂಬಂಧವಿಲ್ಲ. ಜನ ಬಯಸುವ ಬಿಗಿಯಾದ ಕಾಲು ಎರಡು ಬೇರೆಬೇರೆ ಕೆಲಸಗಳ ಮೊತ್ತ: ಒಳಗಿನ ಸ್ನಾಯು ಬೆಳೆಯಬೇಕು, ಮೇಲಿನ ಕೊಬ್ಬಿನ ಪದರ ತೆಳುವಾಗಬೇಕು. ಮೊದಲನೆಯದು ಸ್ಥಳೀಯ, ವ್ಯಾಯಾಮದ ಕೈಯಲ್ಲಿದೆ. ಎರಡನೆಯದು ಇಡೀ ದೇಹದ್ದು, ಹೆಚ್ಚಾಗಿ ಊಟದ ಕೈಯಲ್ಲಿದೆ. ಈ ಎರಡನ್ನು ಒಂದೇ ಕೆಲಸವೆಂದು ಎಣಿಸಿದ್ದೇ ಎಲ್ಲ ಗೊಂದಲದ ಮೂಲ.

ಇಡೀ ದೇಹದಿಂದ ಕೊಬ್ಬು ಇಳಿಯುವುದಾದರೆ ತೊಡೆ ಏಕೆ ಹಿಂದುಳಿಯುತ್ತದೆ? ಮಾರ್ಸೇಲ್ಸ್‌ನ ವೈದ್ಯ ಜಾನ್ ವಾಗ್ 1947ರಲ್ಲೇ ಕೊಬ್ಬಿನ ಹಂಚಿಕೆ ಎರಡು ಬಗೆಯದೆಂದು ಗುರುತಿಸಿದರು: ಪುರುಷರಲ್ಲಿ ಹೆಚ್ಚಾಗಿ ಕಾಣುವ ದೇಹದ ಮೇಲ್ಭಾಗದ, ಹೊಟ್ಟೆಯ ಬೊಜ್ಜು ಒಂದು, ಮಹಿಳೆಯರಲ್ಲಿ ಹೆಚ್ಚಾಗಿ ಕಾಣುವ ಪೃಷ್ಠ ಮತ್ತು ತೊಡೆಯ ಬೊಜ್ಜು ಇನ್ನೊಂದು. ಕೊಬ್ಬಿನ ಕೋಶದ ಮೇಲೆ ಅಡ್ರಿನಲಿನ್‌ಗೆ ಎರಡು ಬಗೆಯ ಗ್ರಾಹಕಗಳಿವೆ. ಬೀಟಾ ಗ್ರಾಹಕ ಕೊಬ್ಬನ್ನು ಒಡೆಯಲು ಪ್ರಚೋದಿಸುತ್ತದೆ, ಆಲ್ಫಾ-2 ಗ್ರಾಹಕ ತಡೆಯುತ್ತದೆ. ಮಹಿಳೆಯರ ತೊಡೆಯ ಕೊಬ್ಬಿನಲ್ಲಿ ತಡೆಯುವ ಗ್ರಾಹಕಗಳ ಮೇಲುಗೈ. ಈಸ್ಟ್ರೋಜೆನ್ ಹಾರ್ಮೋನಿನ ಪ್ರಭಾವವೂ ಅಲ್ಲಿನ ದಾಸ್ತಾನನ್ನು ಪೋಷಿಸುತ್ತದೆ; ಎದೆಹಾಲೂಡಿಸುವ ದಿನಗಳಲ್ಲಿ ಅದೇ ದಾಸ್ತಾನು ಕೊಬ್ಬನ್ನು ಹೆಚ್ಚು ಸುಲಭವಾಗಿ ಬಿಟ್ಟುಕೊಡುತ್ತದೆ. ಕೆರೆಯ ಯಾವ ಮೂಲೆಯಲ್ಲಿ ಬಿಂದಿಗೆ ಅದ್ದಿದರೂ ಇಳಿಯುವುದು ಇಡೀ ಕೆರೆಯ ಮಟ್ಟ. ನೆಲ ಮೊದಲು ಕಾಣುವುದು ಅಂಚಿನಲ್ಲಿ, ಕೊನೆಗೆ ಬತ್ತುವುದು ಏರಿಯ ಬಳಿಯ ಆಳ. ಎಲ್ಲಿ ಆಳ ಎಂಬುದನ್ನು ನಿರ್ಧರಿಸಿದ್ದು ವಂಶವಾಹಿ, ಲಿಂಗ, ವಯಸ್ಸು. ತೊಡೆ ಕೊನೆಯಲ್ಲಿ ಇಳಿಯುವುದು ದೇಹದ ರಚನೆಯಿಂದಾಗಿಯೇ ಹೊರತು ವ್ಯಕ್ತಿಯ ಸೋಮಾರಿತನದಿಂದಲ್ಲ.

ಇಷ್ಟಕ್ಕೂ ತೊಡೆಯ ಕೊಬ್ಬು ಶತ್ರುವೇ ಎಂಬ ಪ್ರಶ್ನೆಯನ್ನೂ ಕೇಳಬೇಕು. ಆರೋಗ್ಯದ ದೃಷ್ಟಿಯಿಂದ ಉತ್ತರ ಸ್ಪಷ್ಟವಾಗಿದೆ. ಊಟದ ನಂತರ ರಕ್ತಕ್ಕೆ ಬರುವ ಕೊಬ್ಬನ್ನು ತೊಡೆಯ ಚರ್ಮದಡಿಯ ಕೋಶಗಳು ಹಿಡಿದಿಟ್ಟುಕೊಂಡರೆ ಅದು ಯಕೃತ್ತು, ಹೃದಯ, ಮೇದೋಜೀರಕ ಗ್ರಂಥಿಗಳಲ್ಲಿ ಶೇಖರವಾಗುವುದು ತಪ್ಪುತ್ತದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ 2005ರ ವರದಿಯ ಪ್ರಕಾರ ಹೃದಯಾಘಾತದ ಅಪಾಯವನ್ನು ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕವಾದ ಬಿಎಂಐಗಿಂತ ಚೆನ್ನಾಗಿ ಸೂಚಿಸುವುದು ಸೊಂಟ ಮತ್ತು ಪೃಷ್ಠದ ಸುತ್ತಳತೆಗಳ ಅನುಪಾತ. ಸೊಂಟ ಹೆಚ್ಚಿದಷ್ಟೂ ಅಪಾಯ ಹೆಚ್ಚು, ಪೃಷ್ಠ ಹೆಚ್ಚಿದಷ್ಟೂ ಕಡಿಮೆ. ಭಾರತೀಯರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ದೇಹಗಳನ್ನು ಹೋಲಿಸಿದಾಗ ಇಬ್ಬರ ಬಿಎಂಐ ಒಂದೇ, 22.3, ಆದರೆ ದೇಹದ ಕೊಬ್ಬು ಯುಡ್ಕಿನ್‌ರಲ್ಲಿ ಶೇ 9.1, ಯಾಜ್ಞಿಕ್‌ರಲ್ಲಿ ಶೇ 21.2. ತೆಳ್ಳಗೆ ಕಾಣುವ ಭಾರತೀಯ ದೇಹದಲ್ಲಿ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರಬಹುದು. ಭಾರತೀಯ ಪುರುಷರಲ್ಲಿ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕು. ಸೊಂಟ ಈ ಮಿತಿಯೊಳಗಿದ್ದು ತೊಡೆ ಮಾತ್ರ ತುಂಬಿಕೊಂಡಿರುವವರು ಆರೋಗ್ಯಕ್ಕಾಗಿ ಚಿಂತಿಸುವ ಕಾರಣ ಕಡಿಮೆ. ಆಕಾರದ ಬಯಕೆ ತಪ್ಪೇನಲ್ಲ, ಆದರೆ ಅದನ್ನು ಆರೋಗ್ಯದ ಅಗತ್ಯವೆಂದು ಭಾವಿಸಿ ಉಪವಾಸ ಬೀಳುವುದು ತಪ್ಪು.

ಕೊಬ್ಬಿನ ಪದರ ತೆಳುವಾಗುವ ಕೆಲಸ ಊಟದ ಕೈಯಲ್ಲಿದೆ ಎಂದದ್ದಕ್ಕೆ ಅಂಕಗಣಿತವೇ ಕಾರಣ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲರಿ ಶಕ್ತಿ ಇರುತ್ತದೆ. 60 ಕಿಲೋ ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ಕೂತಿದ್ದಾಗಿನದಕ್ಕಿಂತ ಹೆಚ್ಚಾಗಿ ಖರ್ಚಾಗುವುದು ಸುಮಾರು 200 ಕಿಲೊಕ್ಯಾಲರಿ. ಅಷ್ಟೇ ಶಕ್ತಿ 22 ಗ್ರಾಂ ಎಣ್ಣೆಯಲ್ಲಿದೆ. ಒಗ್ಗರಣೆಯಲ್ಲಿ, ಕರಿದ ತಿಂಡಿಯಲ್ಲಿ ಅಷ್ಟು ಎಣ್ಣೆ ಗಮನಕ್ಕೇ ಬಾರದೆ ಸೇರಿಬಿಡುತ್ತದೆ. ಹತ್ತು ನಿಮಿಷದ ಬಸ್ಕಿಯ ಖರ್ಚು ಇನ್ನೂ ಕಡಿಮೆ. ದಿನಕ್ಕೆ 400ರಿಂದ 500 ಕಿಲೊಕ್ಯಾಲರಿ ಕೊರತೆ ಉಂಟಾದರೆ ಮೊದಲ ವಾರಗಳಲ್ಲಿ ವಾರಕ್ಕೆ ಅರ್ಧ ಕಿಲೋದ ಆಸುಪಾಸು ಇಳಿಯುತ್ತದೆ. ದೇಹ ಹಗುರಾದಂತೆ ಅದರ ಖರ್ಚೂ ಇಳಿಯುವುದರಿಂದ ವೇಗ ತಗ್ಗುತ್ತದೆ. ಇಲ್ಲಿಯೂ ಒಂದೊಂದು ಪದಾರ್ಥಕ್ಕೆ ಕೊಬ್ಬು ಕರಗಿಸುವ ಗುಣ ಆರೋಪಿಸುವುದು ಅಂಗಕ್ಕೊಂದು ವ್ಯಾಯಾಮದಂಥದೇ ತಪ್ಪು. 100 ಗ್ರಾಂ ರಾಗಿಯಲ್ಲಿ ಸುಮಾರು 320, ಅಕ್ಕಿಯಲ್ಲಿ ಸುಮಾರು 355 ಕಿಲೊಕ್ಯಾಲರಿ ಇದೆ. ರಾಗಿಯ ನಾರಿನಂಶ ಹೆಚ್ಚು, ಹೊಟ್ಟೆ ಬೇಗ ತುಂಬುತ್ತದೆ. ಆದರೆ ಅನ್ನ ಬಿಟ್ಟು ಅಷ್ಟೇ ಪ್ರಮಾಣದ ಮುದ್ದೆ ಉಂಡರೆ ಅಂತರ ಅಲ್ಪ. ಹುರುಳಿ ಕೊಬ್ಬು ಕರಗಿಸುತ್ತದೆ ಎನ್ನುತ್ತಾರೆ. ಅದರ ನಿಜವಾದ ಹಿರಿಮೆ ನೂರು ಗ್ರಾಮಿನಲ್ಲಿ ಸುಮಾರು 22 ಗ್ರಾಂ ಇರುವ ಪ್ರೋಟೀನು. ಕಟ್ಟನ್ನಷ್ಟೇ ಸಾರು ಮಾಡಿದರೆ ಅದರ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ವಯಸ್ಕರ ದೈನಂದಿನ ಪ್ರೋಟೀನ್ ಅಗತ್ಯವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಎಂದು ನಿಗದಿಪಡಿಸಿದೆ. ತೂಕ ಇಳಿಸುತ್ತ ಸ್ನಾಯು ಉಳಿಸಿಕೊಳ್ಳಬೇಕಾದವರಿಗೆ 1.2 ಗ್ರಾಂ ಅಥವಾ ಇನ್ನೂ ತುಸು ಹೆಚ್ಚು ಬೇಕಾಗುತ್ತದೆ. ಅನ್ನ, ಮುದ್ದೆ, ರೊಟ್ಟಿಯ ಪಾಲು ತಗ್ಗಿಸಿ ಬೇಳೆಕಾಳು, ಮೊಸರು, ಮೊಟ್ಟೆ, ಮೀನು, ತರಕಾರಿಯ ಪಾಲು ಹಿಗ್ಗಿಸುವುದು ಇದಕ್ಕೆ ನೇರವಾದ ದಾರಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಬೇಕು.

ವ್ಯಾಯಾಮದಿಂದ ಇಷ್ಟು ಕಡಿಮೆ ಶಕ್ತಿ ಖರ್ಚಾಗುವುದಾದರೆ ಕಾಲಿನ ವ್ಯಾಯಾಮ ಏಕೆ ಬೇಕು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಊಟ ಕಡಿಮೆ ಮಾಡಿಯೇ ತೂಕ ಇಳಿಸಿದವರಲ್ಲಿ ಇಳಿದ ತೂಕದ ಗಮನಾರ್ಹ ಪಾಲು, ಹಲವು ಸಲ ಕಾಲು ಭಾಗದ ಆಸುಪಾಸು, ಕೊಬ್ಬಲ್ಲದ ಅಂಶದ್ದು. ಅದರಲ್ಲಿ ಸ್ನಾಯುವೂ ಸೇರಿದೆ. ಅಂಥ ಕಾಲು ತೆಳ್ಳಗಾಗುತ್ತದೆ, ಬಿಗಿಯಾಗುವುದಿಲ್ಲ. ಭಾರದ ವ್ಯಾಯಾಮ ಈ ನಷ್ಟವನ್ನು ತಡೆಯುತ್ತದೆ. ದೇಹದ ಅತಿ ದೊಡ್ಡ ಸ್ನಾಯುಗಳಿರುವುದು ಪೃಷ್ಠದಲ್ಲಿ ಮತ್ತು ತೊಡೆಯಲ್ಲಿ. ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವುದರಲ್ಲಿ ಅವುಗಳ ಪಾಲು ದೊಡ್ಡದು. ವಯಸ್ಸಾದ ಮೇಲೆ ನೆಲದಿಂದ ಏಳಲು, ಮೆಟ್ಟಿಲು ಹತ್ತಲು, ಬೀಳದೆ ನಡೆಯಲು ಆಧಾರವೂ ಅವೇ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವುದು ಇದನ್ನೆಲ್ಲ ಗಮನಿಸಿಯೇ. ಸ್ನಾಯು ಬೆಳೆಯಬೇಕಾದರೆ ಅದರ ಮೇಲಿನ ಹೊರೆ ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವಾಗಿ ಏರಬೇಕು. ಮೊದಮೊದಲು ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದೇ ಸಾಕಷ್ಟು ಹೊರೆ. ನಂತರ ಪೂರ್ತಿ ಬಸ್ಕಿ, ಒಂದು ಕಾಲು ಮುಂದಿಟ್ಟು ಬಾಗುವುದು, ಮೆಟ್ಟಿಲು ಹತ್ತುವುದು, ಹಿಮ್ಮಡಿ ಎತ್ತುವುದು. ಆಮೇಲೆ ಕೈಯಲ್ಲಿ ಭಾರ ಹಿಡಿದು ಅವನ್ನೇ ಮಾಡುವುದು. ಭಾರ ಎತ್ತಿದರೆ ಕಾಲು ಪೈಲ್ವಾನರಂತೆ ಆಗಿಬಿಡುತ್ತದೆ ಎಂಬ ಮಹಿಳೆಯರ ಭಯಕ್ಕೆ ಆಧಾರವಿಲ್ಲ. ಸ್ನಾಯುವನ್ನು ಅಷ್ಟು ಬೆಳೆಸುವ ಟೆಸ್ಟೊಸ್ಟಿರಾನ್ ಹಾರ್ಮೋನಿನ ಮಟ್ಟ ಮಹಿಳೆಯರಲ್ಲಿ ಪುರುಷರಿಗಿಂತ ಹಲವು ಪಟ್ಟು ಕಡಿಮೆ. ಗರಡಿಯ ಮೈಗೆ ವರ್ಷಗಳ ಸಾಧನೆ ಮತ್ತು ಗರಡಿಯ ಊಟ ಎರಡೂ ಬೇಕು.

ಕಾಲು ದಪ್ಪಗಿರುವುದಕ್ಕೆಲ್ಲ ಸಾಮಾನ್ಯ ಕೊಬ್ಬೇ ಕಾರಣವೆಂದೂ ಭಾವಿಸಬಾರದು. ಬೆರಳಿನಿಂದ ಒತ್ತಿದಾಗ ಗುಳಿ ಬಿದ್ದು ಹಾಗೆಯೇ ಉಳಿದರೆ ಅದು ನೀರು ತುಂಬಿದ ಬಾವು. ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಗಳಲ್ಲಿ ಹೀಗಾಗುತ್ತದೆ. ಒಂದೇ ಕಾಲು ಥಟ್ಟನೆ ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ತಡಮಾಡದೆ ವೈದ್ಯರ ಬಳಿ ಹೋಗಬೇಕು. ಆನೆಕಾಲು ರೋಗದ ಬಾವು ದುಗ್ಧನಾಳಗಳು ಕೆಟ್ಟು ಬರುವಂಥದು. ಲಿಪೆಡೀಮ ಎಂಬ ಸ್ಥಿತಿಯಲ್ಲಿ, ಬಹುತೇಕ ಮಹಿಳೆಯರಲ್ಲೇ, ಎರಡೂ ಕಾಲುಗಳಲ್ಲಿ ಕೊಬ್ಬು ಸಮನಾಗಿ ಶೇಖರವಾಗುತ್ತದೆ, ಪಾದ ಮಾತ್ರ ತೆಳ್ಳಗೇ ಉಳಿಯುತ್ತದೆ. ಮುಟ್ಟಿದರೆ ನೋವು, ಸಣ್ಣ ಪೆಟ್ಟಿಗೂ ಕಂದುಗಟ್ಟುವುದು ಅದರ ಲಕ್ಷಣ. ಊಟ ಎಷ್ಟು ಬಿಗಿ ಮಾಡಿದರೂ ಆ ಕೊಬ್ಬು ಸುಲಭವಾಗಿ ಇಳಿಯದು. ಇಂಥವರಿಗೆ ಇನ್ನಷ್ಟು ಬಸ್ಕಿ ಹೊಡೆಯಿರಿ ಎನ್ನುವುದು ರೋಗವನ್ನು ಮರೆಸಿ ರೋಗಿಯನ್ನು ದೂರಿದಂತೆ.

ಈ ಎಲ್ಲದರಿಂದ ಹೊರಡುವ ತೀರ್ಮಾನಗಳು ಮೂರು.

1. ಕೊಬ್ಬು ಎಷ್ಟು ಇಳಿಯಬೇಕು ಎಂಬುದನ್ನು ಊಟ ಮತ್ತು ಒಟ್ಟು ಚಟುವಟಿಕೆಯ ಮೂಲಕ ನಿಯಂತ್ರಿಸಬಹುದು. ಎಲ್ಲಿಂದ ಇಳಿಯಬೇಕು ಎಂಬುದನ್ನು ವ್ಯಾಯಾಮದಿಂದ ಆರಿಸಿಕೊಳ್ಳಲಾಗದು.

2. ಯಾವ ಸ್ನಾಯು ಬೆಳೆಯಬೇಕು ಎಂಬುದನ್ನು ಆರಿಸಿಕೊಳ್ಳಬಹುದು. ಕಾಲಿನ ವ್ಯಾಯಾಮದ ನಿಜವಾದ ಕೆಲಸ ಅದು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ.

3. ಎರಡು ಕೆಲಸಗಳಿಗೆ ಎರಡು ಅಳತೆಗಳು ಬೇಕು. ಕೊಬ್ಬಿಗೆ ತಿಂಗಳಿಗೊಮ್ಮೆ ಸೊಂಟದ ಮತ್ತು ತೊಡೆಯ ಸುತ್ತಳತೆ. ಸ್ನಾಯುವಿಗೆ ಎಷ್ಟು ಭಾರ ಹಿಡಿದು ಎಷ್ಟು ಬಸ್ಕಿ ಸಾಧ್ಯವಾಯಿತು ಎಂಬ ಎಣಿಕೆ.

ಮೂರನೆಯದನ್ನು ಪಾಲಿಸಿದವರಿಗೆ ಮೊದಲ ತಿಂಗಳುಗಳಲ್ಲಿ ತೊಡೆಯ ಅಳತೆ ಕದಲದಿದ್ದರೂ ಸೊಂಟ ಇಳಿದದ್ದು, ಬಸ್ಕಿಯ ಭಾರ ಏರಿದ್ದು ಕಣ್ಣಮುಂದೆ ಇರುತ್ತದೆ. ಒಳಗೆ ಸ್ನಾಯು ಬೆಳೆದು ಮೇಲೆ ಕೊಬ್ಬು ತೆಳುವಾದಾಗ ಸುತ್ತಳತೆ ಹಾಗೆಯೇ ನಿಲ್ಲುವುದೂ ಉಂಟು. ಟೇಪಿನ ಒಂದೇ ಅಂಕಿಯನ್ನು ನೋಡಿ ವ್ಯಾಯಾಮ ಬಿಟ್ಟವರಲ್ಲಿ ಎಷ್ಟೋ ಮಂದಿ ಬಿಟ್ಟದ್ದು ಅದು ಫಲ ಕೊಡುತ್ತಿದ್ದ ಹೊತ್ತಿನಲ್ಲೇ.